ಹಳೆಯ ಹಾಡು ಮೆಲ್ಲಗೆ, ಹೊಸದು ಜೋರಾಗಿ

ಪ್ರಶ್ನೆ: ಕಂಪ್ಯೂಟರಿನಲ್ಲಿ ಹಳೆಯ ಹಾಡು ಸಣ್ಣಗೆ ಕೇಳುತ್ತದೆಂದು ವಿಎಲ್‌ಸಿಯಲ್ಲಿ 125%ಕ್ಕೆ ಏರಿಸುತ್ತೇನೆ. ಮುಂದಿನ ಹೊಸ ಹಾಡು ಕಿವಿಗಪ್ಪಳಿಸುತ್ತದೆ, ಒಡೆದ ದನಿ ಬೇರೆ. ಸ್ಪೀಕರ್ ಕೆಟ್ಟಿದೆಯೇ?

ಉತ್ತರ: ಸ್ಪೀಕರನ್ನು ಬೈಯಬೇಡಿ. 100% ದಾಟಿದರೆ ಪ್ಲೇಯರ್ ಸಿಗ್ನಲನ್ನೇ ಹಿಗ್ಗಿಸುತ್ತದೆ. ಹೊಸ ಹಾಡುಗಳನ್ನು ಮೊದಲೇ ಗರಿಷ್ಠ ಮಟ್ಟಕ್ಕೆ ಒತ್ತಿ ತುಂಬಿರುತ್ತಾರೆ. ಇನ್ನೂ ಏರಿಸಿದರೆ ಅಲೆಯ ತುದಿ ಕತ್ತರಿಸಿಹೋಗಿ ದನಿ ಗರಗರ ಎನ್ನುತ್ತದೆ. ಪ್ಲೇಯರನ್ನು 100%ರಲ್ಲೇ ಬಿಟ್ಟು, ಬೇಕಾದಷ್ಟನ್ನು ಸ್ಪೀಕರಿನ ಗುಂಡಿಯಲ್ಲಿ ತಿರುಗಿಸಿಕೊಳ್ಳಿ.

ಹಾಡಿನಿಂದ ಹಾಡಿಗೆ ಏರಿಳಿತ ತಪ್ಪಿಸಲು, ಪ್ರತಿ ಹಾಡಿನ ಸದ್ದನ್ನು ಅಳೆದು ನುಡಿಸುವಾಗ ಒಂದೇ ಮಟ್ಟಕ್ಕೆ ತರುವ ‘ರಿಪ್ಲೇಗೇನ್’ ಸೌಲಭ್ಯ ಬೇಕು. ಇದಕ್ಕೆ ನಮ್ಮ ಆಯ್ಕೆ ಫೂಬಾರ್2000 ಎಂಬ ಪ್ಲೇಯರ್. ಹಾಡುಗಳನ್ನೆಲ್ಲ ಆಯ್ದು ರೈಟ್‌ಕ್ಲಿಕ್ ಮಾಡಿ, ರಿಪ್ಲೇಗೇನ್ ಮೆನುವಿನಲ್ಲಿ ಪ್ರತಿ ಫೈಲಿನ ಟ್ರ್ಯಾಕ್ ಗೇನ್ (ಆ ಹಾಡನ್ನು ಎಷ್ಟು ಏರಿಸಬೇಕು, ಇಳಿಸಬೇಕು ಎಂಬ ಲೆಕ್ಕ) ಸ್ಕ್ಯಾನ್ ಮಾಡಿಸಿ, ಫಲಿತಾಂಶ ಉಳಿಸಿ. ಅದು ಫೈಲಿನೊಳಗಿನ ಮಾಹಿತಿ ಚೀಟಿಯಾದ ಟ್ಯಾಗಿನಲ್ಲಿ ಅಂಕಿಯನ್ನಷ್ಟೇ ಬರೆಯುತ್ತದೆ; ಮೂಲ ಧ್ವನಿಗೆ ಕೈ ಹಾಕುವುದಿಲ್ಲ. ಬಳಿಕ ಪ್ರಿಫರೆನ್ಸಸ್‌ನ ಪ್ಲೇಬ್ಯಾಕ್ ಪುಟದಲ್ಲಿ ಸೋರ್ಸ್ ಮೋಡನ್ನು ‘ಟ್ರ್ಯಾಕ್’ಗೆ ಇಟ್ಟು, ಪ್ರೊಸೆಸಿಂಗ್‌ನಲ್ಲಿ ಗೇನ್ ಜೊತೆಗೆ ಕ್ಲಿಪ್ಪಿಂಗ್ (ಅಲೆಯ ತುದಿ ಕತ್ತರಿಸಿಹೋಗುವುದು) ತಡೆಯುವ ಆಯ್ಕೆ ಹಾಕಿ. ಇಷ್ಟನ್ನು ಮರೆತು ಬರೀ ಸ್ಕ್ಯಾನ್ ಮಾಡಿ ‘ಏನೂ ಬದಲಾಗಲಿಲ್ಲ’ ಎನ್ನುವವರೇ ಹೆಚ್ಚು!

ಸ್ಕ್ಯಾನ್ ಆಗದ ಹಾಡು ಆಗಲೂ ಅಬ್ಬರಿಸಿದರೆ, ಅದೇ ಪುಟದಲ್ಲಿ ರಿಪ್ಲೇಗೇನ್ ಟ್ಯಾಗ್ ಇಲ್ಲದವಕ್ಕೆಂದೇ ಇರುವ ಪ್ರೀಆಂಪನ್ನು (ಸದ್ದಿನ ಮಟ್ಟ ಹೊಂದಿಸುವ ಜಾರುಗುಂಡಿ) ಸುಮಾರು -6 ಡೆಸಿಬೆಲ್‌ಗೆ (ಡಿಬಿ) ಇಳಿಸಿ. ರಾಗದಿಂದ ರಾಗಕ್ಕೆ ಬಿಡುವಿಲ್ಲದೆ ಸಾಗುವ ಕಛೇರಿ ಧ್ವನಿಮುದ್ರಣಕ್ಕೆ ಮಾತ್ರ ಇಡೀ ಆಲ್ಬಮ್ಮಿಗೆ ಒಂದೇ ಲೆಕ್ಕ ಹಾಕುವ ಆಲ್ಬಮ್ ಗೇನ್ ಸ್ಕ್ಯಾನ್ ಮಾಡಿಸಿ, ‘ಆಲ್ಬಮ್’ ಮೋಡನ್ನೇ ಬಳಸಿ.