ತುಂತುಣಿಗೆ ಜಾಗಾ ಬಿಡ್ರಿ

ಪ್ರಶ್ನೆ: ನಮ್ಮ ಕಾಕಾ ಗೀಗೀ ಮೇಳದಾಗ ತುಂತುಣಿ ಬಾರಸ್ತಾರ್ರಿ. ಕಾಲೇಜ್ ಗ್ಯಾದರಿಂಗ್‌ಗೆ ವಯಲಿನ್, ಕ್ಲಾರಿನೆಟ್, ಕೀಬೋರ್ಡ್ ಕೂಡ್ಸಿ ಆರ್ಕೆಸ್ಟ್ರಾ ಮಾಡಿ ಅವರನ್ನೂ ಕರದಿದ್ವಿ, ರಿಹರ್ಸಲ್‌ನಾಗ ತುಂತುಣಿ ಕೇಳಿಸ್ಲೇ ಇಲ್ಲ, ಅವರು ಬ್ಯಾಸರಾಗಿ ಎದ್ದು ಹೋದ್ರು. ಅಮೆರಿಕಾದಾಗ ಜಾನಪದ ಮತ್ತ ಆರ್ಕೆಸ್ಟ್ರಾ ಕೂಡ್ಸ್ಯಾರಂತ, ಅವರು ಹೆಂಗ ಮಾಡಿದ್ರು?
– ಓದುಗರು, ಹಾವೇರಿ

ಉತ್ತರ: ಮಾಡ್ಯಾರ್ರಿ. ಅಮೆರಿಕಾದ ಸಂಗೀತ ರಚನಕಾರ ಆರನ್ ಕೋಪ್ಲಂಡ್ ಅವರು ನೃತ್ಯಗಾರ್ತಿ ಮಾರ್ಥಾ ಗ್ರಹಾಂ ಅವರ ಬ್ಯಾಲೆಗೆ ಬರದ 'ಅಪಲೇಶಿಯನ್ ಸ್ಪ್ರಿಂಗ್' 1944ರಾಗ ವಾಷಿಂಗ್ಟನ್‌ನಾಗ ಮೊದಲ ಸಲ ಆತು, ಬಾರಿಸಿದವರು ಬರೇ 13 ಮಂದಿ, ದೊಡ್ಡ ಆರ್ಕೆಸ್ಟ್ರಾಕ್ಕ ಹೊಂದಿಸಿದ್ದು ಆಮ್ಯಾಲೆ. ಅದರಾಗ ಶೇಕರ್ ಅನ್ನೋ ಕ್ರೈಸ್ತ ಪಂಥದವರ ಹಳೇ ಹಾಡೊಂದು ಬರ್ತೈತಿ, ನಮ್ಮ ತತ್ವಪದದಂಗ ಸಾದಾ ಧಾಟಿ, ಮೊದಲು ಒಂದು ಕ್ಲಾರಿನೆಟ್ ಅದನ್ನ ಸಣ್ಣಗ ಹೇಳ್ತೈತಿ, ಕೇಳವರ ಕಿವ್ಯಾಗ ಕುಂತ ಮ್ಯಾಲೇನ ಉಳಿದವರು ಒಬ್ಬೊಬ್ಬರಾಗಿ ಕೂಡ್ಕೋತಾರ. ಆದ್ರ ಅಲ್ಲಿ ಬಂದದ್ದು ಹಳ್ಳಿ ಧಾಟಿ ಅಷ್ಟ, ಬ್ಯಾಂಜೋದಂಥ ಅಲ್ಲಿಯ ಜಾನಪದ ತಂತಿವಾದ್ಯ ಇಲ್ಲ. ನೀವು ವಾದ್ಯಾನ ತರಾಕತ್ತೀರಿ, ಇದು ಇನ್ನೂ ಕಠಿಣ.

ಅದಕ್ಕ ಬೀಥೋವನ್ ಅವರ ಆರನೇ ಸಿಂಫನಿ ಕೇಳ್ರಿ, 1808ರದು. ಎರಡನೇ ಭಾಗ ಹಳ್ಳದ ದಂಡಿ ಮ್ಯಾಗಿಂದು, ಅದರ ಕೊನೀಗೆ ಕೊಳಲಿನಾಗ ನೈಟಿಂಗೇಲ್ ಹಕ್ಕಿ, ಓಬೋ ಅನ್ನೋ ಊದೋ ವಾದ್ಯದಾಗ ಲಾವಕ್ಕಿ, ಕ್ಲಾರಿನೆಟ್‌ನಾಗ ಕುಕೂ ಹಕ್ಕಿ ಕೂಗ್ತಾವ, ಆಗ ಉಳಿದ ಆರ್ಕೆಸ್ಟ್ರಾ ಪೂರಾ ಸುಮ್ಮಾಗ್ತೈತಿ. ನನಗ ಪ್ರತಿ ಸಲಾನೂ ಆ ಜಾಗಾದಾಗ ಮೈ ಜುಂ ಅಂತೈತಿ.

ತುಂತುಣಿಗೂ ಅಷ್ಟ ಜಾಗಾ ಬೇಕ್ರಿ. ಒಂದ ತಂತಿ, ತಳಕ್ಕ ತೊಗಲು, ಕಡ್ಡೀಲೆ ಮೀಟಿದ್ರ ಟುಂಯ್ ಅಂದು ಅಲ್ಲೇ ಮುಗೀತೈತಿ, ಕೀಬೋರ್ಡ್ ಉದ್ದಕ ಎಳದ್ರ ಅದು ಎಲ್ಲಿ ಕೇಳಸ್ಬೇಕು? ಮೈಕು ತಂತಿಗೆ ಹಿಡೀಬ್ಯಾಡ್ರಿ, ತೊಗಲಿನ ಕಡೆ ಹಿಡೀರಿ. ಇನ್ನ ಶ್ರುತಿ. ತುಂತುಣಿ ಗೂಟ ತಿರುವಿ ಕೀಬೋರ್ಡಿಗೆ ಹೊಂದಸಬಹುದು, ಕಾಕಾನ ದನಿ ತಿರುವಾಕ ಬರಂಗಿಲ್ಲ, ಹಂಗಾಗಿ ಮೊದಲ ಅವರು ಆರಾಮಾಗಿ ಹಾಡೋ ಪಟ್ಟಿ (ಶ್ರುತಿ) ಯಾವುದು, ಕಪ್ಪು ಎರಡನೇ ಮನಿಯೋ ಬಿಳಿ ನಾಕನೇ ಮನಿಯೋ, ಹಾರ್ಮೋನಿಯಂ ಮ್ಯಾಲೆ ನೋಡ್ಕೊಂಡು ವಯಲಿನ್‌ದವರ, ಕ್ಲಾರಿನೆಟ್‌ದವರ ನೋಟೇಶನ್ ಅದಕ್ಕ ಬದಲಿಸಿ ಬರೀರಿ. ಮತ್ತ ಗೀಗೀದಾಗ ಹಿಮ್ಮೇಳ 'ಗೀಯ ಗೀಯ' ಅಂತ ಎತ್ಕೊಳ್ಳೋ ಜಾಗಾ ಐತೆಲ್ಲ, ನಿಮ್ಮ ಆರ್ಕೆಸ್ಟ್ರಾ ಪೂರಾ ಅಲ್ಲಿ ಬರ್ಲಿ, ಪದಾ ನಡದಾಗ ದಪ್ಪು ತಾಳ ಬಿಟ್ಟು ಏನೂ ಬ್ಯಾಡ.

ಮುಂದಿನ ರಿಹರ್ಸಲ್ ಕಾಲೇಜಿನಾಗ ಇಡಬ್ಯಾಡ್ರಿ, ವಯಲಿನ್‌ದವರನ್ನ ಕರಕೊಂಡು ಕಾಕಾನ ಮನೀ ಕಟ್ಟಿಗೆ ಹೋಗ್ರಿ, ಮೊದಲ ಒಂದು ಪದಾ ಪೂರಾ ಅವರೇ ಹಾಡ್ಲಿ, ಕೇಳ್ರಿ.