ಸೆಕೆಗಾಲದಲ್ಲಿ ಓಡುವ ಮನಸ್ಸೇ ಹೋದರೆ ಏನು ಮಾಡುವುದು?

ಹಾಫ್ ಮ್ಯಾರಥಾನ್ ಮುಗಿಸಿ ಮಂಗಳೂರಿನಲ್ಲಿ ಫುಲ್‌ಗೆ ತಯಾರಿ ನಡೆಸಿದ್ದೀರಿ. ಕಿಲೋಮೀಟರಿಗೆ 6:30 ನಿಮಿಷ ಇದ್ದ ಪೇಸ್ (ಓಟದ ವೇಗ) ಏಪ್ರಿಲ್‌ನಿಂದ 7:15ಕ್ಕೆ ಬಂದಿದೆ, ಐದು ಗಂಟೆಗೆ ಅಲಾರಂ ಹೊಡೆದರೂ ಏಳಲು ಮನಸ್ಸಿಲ್ಲ, ಹುರುಪು ಮತ್ತೆ ತರುವುದು ಹೇಗೆ ಎಂದು ಕೇಳಿದ್ದೀರಿ.

ಮೊದಲು ಆ ವಾಚನ್ನು ನಂಬುವುದು ಬಿಡಿ ಮಾರಾಯ್ರೆ. ಏಪ್ರಿಲ್, ಮೇಯಲ್ಲಿ ಇಲ್ಲಿ ಬೆಳಗಿನ ಜಾವವೇ 25–26 ಡಿಗ್ರಿ ಇರುತ್ತದೆ, ಗಾಳಿಯ ತುಂಬಾ ತೇವ. ಮೈ ತಣಿಯುವುದು ಬೆವರು ಸುರಿದದ್ದರಿಂದ ಅಲ್ಲ, ಆರಿದ್ದರಿಂದ. ನಮ್ಮ ಕರಾವಳಿಯ ಸೆಕೆಯಲ್ಲಿ ಅದು ಆರುವುದೇ ಇಲ್ಲ. ಆಗ ದೇಹ ಮೈ ತಣಿಸಲು ರಕ್ತವನ್ನು ಚರ್ಮದ ಕಡೆಗೆ ತಿರುಗಿಸುತ್ತದೆ, ಕಾಲಿನ ಪಾಲು ಕಡಿಮೆಯಾಗುತ್ತದೆ, ಹೃದಯ ಅದೇ ಪೇಸ್‌ಗೆ ನಿಮಿಷಕ್ಕೆ 10–15 ಬಡಿತ ಹೆಚ್ಚು ಹೊಡೆಯಬೇಕಾಗುತ್ತದೆ. ಅಂದರೆ ನಿಮ್ಮ 7:15 ಜನವರಿಯ 6:30ರಷ್ಟೇ ಶ್ರಮದ ಓಟ ಇರಬಹುದು. ದಿನಾ ಸೋತೆ ಎಂದು ಹೇಳುವ ಅಂಕಿಯನ್ನು ನೋಡುತ್ತಾ ಹೋದರೆ ಯಾರಿಗೆ ತಾನೇ ಏಳಲು ಮನಸ್ಸು ಬಂದೀತು?

ಹಾಗೆಂದು ಎಲ್ಲವನ್ನೂ ಸೆಕೆಯ ತಲೆಗೆ ಕಟ್ಟಬೇಡಿ. ಒಂದು ವಾರ ಹಾಸಿಗೆಯಿಂದ ಏಳುವ ಮೊದಲೇ ನಾಡಿ ಎಣಿಸಿ ಬರೆದಿಡಿ. ಮಾಮೂಲಿಗಿಂತ 7–10 ಬಡಿತ ಹೆಚ್ಚೇ ಇದ್ದು, ನಿದ್ದೆಯೂ ಸರಿಯಿಲ್ಲದಿದ್ದರೆ ಅದು ಸೋಮಾರಿತನವಲ್ಲ, ದಣಿವು. ಐದಾರು ದಿನ ಓಟ ಪೂರ್ತಿ ನಿಲ್ಲಿಸಿ, ನಡೆದಾಡಿ ಸಾಕು. ಅಷ್ಟರಲ್ಲಿ ಫಿಟ್‌ನೆಸ್ ಎಲ್ಲೂ ಓಡಿಹೋಗುವುದಿಲ್ಲ. ಎರಡು ವಾರ ಕಳೆದ ಮೇಲೂ ಹಾಗೇ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ (ದೇಹ ಕೂಡಿಟ್ಟ ಕಬ್ಬಿಣದ ಅಳತೆ) ಮತ್ತು ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ). ಹಿಮೋಗ್ಲೋಬಿನ್ ಸರಿಯಿದ್ದೂ ಫೆರಿಟಿನ್ ತಳ ಹಿಡಿದಿರಬಹುದು, ಮುಖ್ಯವಾಗಿ ಹೆಂಗಸರಲ್ಲಿ ಮತ್ತು ಸಸ್ಯಾಹಾರಿಗಳಲ್ಲಿ. ಕಬ್ಬಿಣದ ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ನುಂಗಬೇಡಿ.

ಮರಳಿ ಶುರು ಮಾಡುವಾಗ ಕಿಲೋಮೀಟರ್ ಲೆಕ್ಕ ಬೇಡ, ನಿಮಿಷದ ಲೆಕ್ಕ ಇಡಿ. ಮೊದಲ ವಾರ ಮೂರು ದಿನ, 30 ನಿಮಿಷದಂತೆ, ಪಕ್ಕದವರೊಂದಿಗೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ನಿಧಾನ. ಕದ್ರಿ, ಬಿಜೈ ಕಡೆಯ ಏರಿನಲ್ಲಿ ಉಸಿರು ಕಟ್ಟಿದರೆ ನಡೆಯಿರಿ, ನಾಚಿಕೆ ಬೇಡ. ಎರಡನೇ ವಾರ ನಾಲ್ಕು ದಿನ, 35–40 ನಿಮಿಷ; ಅದರಲ್ಲಿ ಒಂದು ದಿನ ಕೊನೆಗೆ 20 ಸೆಕೆಂಡಿನ ಚುರುಕು ಓಟ ನಾಲ್ಕು ಸಲ, ನಡುವೆ ಒಂದು ನಿಮಿಷ ನಡಿಗೆ. ನಿಧಾನವಾಗಿಯೇ ಓಡಿ ಜಡ್ಡುಗಟ್ಟಿದ ಕಾಲಿಗೆ ವೇಗದ ರುಚಿ ಹತ್ತಿಸುವುದು ಇದೇ, ಹುರುಪು ಬಹುಪಾಲು ಮರಳುವುದೂ ಇಲ್ಲಿಂದಲೇ ಎಂದು ನನ್ನ ಅಭಿಪ್ರಾಯ. ಮೂರನೇ ವಾರ ಉದ್ದದ ಓಟ 60 ನಿಮಿಷ, ನಾಲ್ಕನೆಯದರಲ್ಲಿ 75. ತಪ್ಪಿದ ದಿನಗಳನ್ನೆಲ್ಲ ಗುಡ್ಡೆ ಹಾಕಿ ಭಾನುವಾರ ತೀರಿಸುವುದು ಎಲ್ಲರೂ ಮಾಡುವ ತಪ್ಪು. ಸೋಮವಾರ, ಮಂಗಳವಾರ ಮತ್ತೆ ಹಾಸಿಗೆ ಬಿಡದಿರುವುದು ಅದರ ಫಲ.

ಪ್ರಗತಿ ನೋಡಲೇಬೇಕೆಂದರೆ ಮೂರು ವಾರಕ್ಕೊಮ್ಮೆ ಮಂಗಳಾ ಕ್ರೀಡಾಂಗಣದ 400 ಮೀಟರ್ ಟ್ರ್ಯಾಕ್‌ನಲ್ಲಿ ಹನ್ನೆರಡೂವರೆ ಸುತ್ತು, ಅಂದರೆ 5 ಕಿಲೋಮೀಟರ್, ಅದೇ ಹೊತ್ತಿಗೆ, ಅದೇ ಹೃದಯ ಬಡಿತದಲ್ಲಿ ಓಡಿ ಸಮಯ ಬರೆದುಕೊಳ್ಳಿ. ಬೇಸರ ಕಳೆಯಲು ಪಣಂಬೂರಿಗೋ ಮಲ್ಪೆಗೋ ಹೋಗಬಹುದು. ಆದರೆ ಕಡಲಿನ ಇಳಿತದ ಹೊತ್ತು ನೋಡಿಕೊಂಡು, ಒದ್ದೆಯಾಗಿ ಗಟ್ಟಿಯಾದ ಮರಳಿನ ಮೇಲೆ ಮಾತ್ರ. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹಾಗಾಗಿ ನಿನ್ನೆಯ ಗಂಟೆ ಇವತ್ತಿಗೆ ಆಗದು. ಮರಳು ಕಡಲಿನತ್ತ ವಾಲಿರುವುದರಿಂದ ಒಂದೇ ದಿಕ್ಕಿಗೆ ಓಡಿದರೆ ಮಂಡಿಯ ಹೊರಬದಿ ನೋಯುತ್ತದೆ, ಹೋದಷ್ಟೇ ದೂರ ತಿರುಗಿ ಬನ್ನಿ. ಬರಿಗಾಲಿನಲ್ಲಾದರೆ ಮೊದಲ ಸಲ 10 ನಿಮಿಷ ಮೀರಬೇಡಿ, ಮೀನಖಂಡ ಹಿಡಿದುಕೊಳ್ಳುತ್ತದೆ.

ಓಟಕ್ಕೆ ಮೊದಲು ಮತ್ತು ನಂತರ, ಬೆವರು ಒರೆಸಿಕೊಂಡು, ತೂಕ ನೋಡಿ. ಒಂದು ಕಿಲೋ ಇಳಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹೋಯಿತೆಂದು ಲೆಕ್ಕ. ಬೊಂಡ (ಎಳನೀರು) ಕುಡಿದರೆ ಆಯ್ತು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಬೊಂಡದಲ್ಲಿ ಪೊಟ್ಯಾಸಿಯಂ ಧಾರಾಳ, ಆದರೆ ಬೆವರಿನಲ್ಲಿ ಹೋಗುವ ಸೋಡಿಯಂ ಅದರಲ್ಲಿ ಕಡಿಮೆ. ಗಂಟೆ ಮೀರಿದ ಓಟಕ್ಕೆ ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಕಲಸಿದ ಒಆರ್‌ಎಸ್ ಒಯ್ಯಿರಿ. ಮನೆಗೆ ಬಂದ ಮೇಲೆ ಉಪ್ಪು ಹಾಕಿದ ಕುಚಲಕ್ಕಿ ಗಂಜಿಯೂ ಉಪ್ಪಿನಕಾಯಿಯೂ ಇದ್ದರೆ ಯಾವ ದುಬಾರಿ ಪುಡಿಯೂ ಬೇಡ. ರಕ್ತದೊತ್ತಡ ಇರುವವರು ಉಪ್ಪಿನ ವಿಷಯ ವೈದ್ಯರಲ್ಲಿ ಕೇಳಿಕೊಳ್ಳಲಿ.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಬೀಚ್ ಕಡೆ ಹೋಗುವುದೇ ಬೇಡ. ರಸ್ತೆಯಲ್ಲಿ ಪಾಚಿ ಕಟ್ಟಿದ ಅಂಚೂ ಬಿಳಿ ಬಣ್ಣದ ಪಟ್ಟಿಯೂ ಜಾರುತ್ತವೆ. ಶೂ ಎರಡು ಜೊತೆ ಇರಲಿ: ಒದ್ದೆಯಾದದ್ದರ ಒಳ ಅಟ್ಟೆ ತೆಗೆದು, ಒಳಗೆ ಪೇಪರ್ ತುರುಕಿ ಫ್ಯಾನಿನ ಕೆಳಗಿಟ್ಟರೂ ಒಣಗಲು ಎರಡು ದಿನ ಬೇಕು.