ಮೂರು ತಿಂಗಳ ಶುಲ್ಕ ಕಟ್ಟುವ ಮೊದಲು

ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಶಿಕ್ಷಕಿಯೊಬ್ಬರು ಬರೆದ ಪತ್ರದ ಸಾರ ಹೀಗಿದೆ: ಅವರಿಗೆ 46 ವರ್ಷ. ಎರಡು ವರ್ಷಗಳಿಂದ ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮೆಟ್ಟಿಲಿಳಿಯುವಾಗ ಬಲ ಮಂಡಿ ನೋಯುತ್ತದೆ. ತಾಯಿಗೆ ಸಕ್ಕರೆ ಕಾಯಿಲೆ. ಶಾಲೆಯ ಮೂವರು ಸಹೋದ್ಯೋಗಿಗಳು ಕುಂಬಳೆಯಲ್ಲಿ ಹೊಸದಾಗಿ ಆರಂಭವಾದ ‘ಹಿಟ್’ (ಹೈ ಇಂಟೆನ್ಸಿಟಿ ಇಂಟರ್ವಲ್ ಟ್ರೈನಿಂಗ್, ಅಂದರೆ ಸ್ವಲ್ಪ ಹೊತ್ತು ರಭಸ, ಸ್ವಲ್ಪ ಬಿಡುವು ಎಂಬ ಸರದಿಯ ವ್ಯಾಯಾಮ) ತರಗತಿಗೆ ಸೇರಿದ್ದಾರೆ. ಬೆಳಿಗ್ಗೆ 6ರಿಂದ 6.45ರವರೆಗೆ, ವಾರಕ್ಕೆ ಐದು ದಿನ. ಮೂರು ತಿಂಗಳ ಶುಲ್ಕ ಮುಂಗಡ. ತಿಂಗಳ ಕೊನೆಯೊಳಗೆ ಸೇರಿದವರಿಗೆ ರಿಯಾಯಿತಿ. ಮನೆಯವರು ಮಾತ್ರ ‘ಅಂಗಳ ಗುಡಿಸಿ ತೋಟಕ್ಕೆ ಎರಡು ಸುತ್ತು ಬಂದರೆ ಸಾಲದೇ?’ ಎನ್ನುತ್ತಾರೆ. ಸೇರಬೇಕೋ ಬೇಡವೋ ಎಂಬುದು ಪ್ರಶ್ನೆ.

ಸಂಪಾದಕರ ಉತ್ತರ:

ಮಾನ್ಯರೇ,

ಈ ತಿಂಗಳು ಸೇರಬೇಡಿ. ಆರೆಂಟು ವಾರಗಳ ಸಿದ್ಧತೆ ಮಾಡಿಕೊಂಡು, ನಿಮ್ಮ ವೈದ್ಯರನ್ನು ಕೇಳಿ, ಆ ತರಗತಿ ಹೇಗೆ ನಡೆಯುತ್ತದೆಂಬುದನ್ನು ಒಂದು ದಿನ ಕುಳಿತು ನೋಡಿದ ಮೇಲೆ ಸೇರಬಹುದು. ಆಗಲೂ ವಾರಕ್ಕೆ ಐದು ದಿನವಲ್ಲ, ಎರಡು ದಿನ ಮಾತ್ರ. ಉತ್ತರ ಇಷ್ಟೇ. ಆದರೆ ರಿಯಾಯಿತಿಯ ಗಡುವು ಹತ್ತಿರ ಬಂದಿರುವಾಗ ಕಾರಣ ಹೇಳದೆ ‘ತಡೆಯಿರಿ’ ಎಂದರೆ ಯಾರೂ ಕೇಳುವುದಿಲ್ಲವಾದ್ದರಿಂದ ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

ರಭಸ, ಬಿಡುವು, ಮತ್ತೆ ರಭಸ ಎಂಬ ಈ ಕ್ರಮ ಜಿಮ್‌ನವರು ನಿನ್ನೆ ಮೊನ್ನೆ ಕಂಡುಹಿಡಿದದ್ದಲ್ಲ. ಜರ್ಮನಿಯ ತರಬೇತುದಾರ ವೋಲ್ಡೆಮಾರ್ ಗೆರ್ಶ್ಲರ್ 1930ರ ದಶಕದಲ್ಲೇ ಓಟಗಾರರನ್ನು ಹೀಗೆ ತಯಾರು ಮಾಡುತ್ತಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರ್, 10,000 ಮೀಟರ್ ಮತ್ತು ಮ್ಯಾರಥಾನ್ ಮೂರರಲ್ಲೂ ಚಿನ್ನ ಗೆದ್ದ ಎಮಿಲ್ ಝಾಟೊಪೆಕ್ ಕೂಡ ಇದೇ ದಾರಿಯಲ್ಲಿ ಬೆಳೆದವರು. ಕುಂಬಳೆ ಸೀಮೆಯ ನಮಗೆ ಇದನ್ನು ತಿಳಿಯಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಪುಂಡುವೇಷದವನು (ಅಭಿಮನ್ಯುವಿನಂಥ ವೀರ ತರುಣರ ಪಾತ್ರದವನು) ಚೆಂಡೆಯ ಏರುಪೆಟ್ಟಿಗೆ ರಂಗದ ತುಂಬ ದಿಗಿಣ, ಅಂದರೆ ಸುತ್ತುಹಾರು, ಹಾರಿ, ಪದ್ಯ ಮುಗಿದೊಡನೆ ನಿಂತು ಅರ್ಥ ಹೇಳುತ್ತಾನೆ. ಆ ಮಾತಿನ ಹೊತ್ತಿನಲ್ಲೇ ಅವನ ಉಸಿರು ಹದಕ್ಕೆ ಬಂದು, ಮುಂದಿನ ಪದ್ಯಕ್ಕೆ ಕಾಲು ಸಿದ್ಧವಾಗುತ್ತದೆ. ಆದರೆ ಅದು ಕೋಡಂಗಿ, ಬಾಲಗೋಪಾಲ ವೇಷಗಳಿಂದ ಮೇಲೇರಿ ಬಂದವನಿಗೆ ಸಿಗುವ ವೇಷ. ಚೌಕಿಗೆ (ಬಣ್ಣ ಹಚ್ಚುವ ಕೋಣೆಗೆ) ಬಂದ ಮೊದಲ ರಾತ್ರಿಯೇ ಯಾರೂ ಅಭಿಮನ್ಯುವಿಗೆ ಗೆಜ್ಜೆ ಕಟ್ಟುವುದಿಲ್ಲ.

ತರಗತಿಯ ಫಲಕದಲ್ಲಿ ‘ತಬಾಟಾ’ ಎಂಬ ಹೆಸರನ್ನೂ ನೀವು ಕಂಡಿರಬಹುದು. ಜಪಾನಿನ ಇಝುಮಿ ತಬಾಟಾ 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಸೆಕೆಂಡ್ ಸರ್ವಶಕ್ತಿಯಿಂದ ಸೈಕಲ್ ತುಳಿಯುವುದು, 10 ಸೆಕೆಂಡ್ ಬಿಡುವು, ಹೀಗೆ ಏಳೆಂಟು ಸುತ್ತು. ಒಟ್ಟು ನಾಲ್ಕು ನಿಮಿಷದೊಳಗೆ ಎಲ್ಲವೂ ಮುಗಿಯುತ್ತಿತ್ತು. ಅದರಲ್ಲಿ ಪಾಲ್ಗೊಂಡವರು ದೈಹಿಕ ಶಿಕ್ಷಣ ಕಲಿಯುತ್ತಿದ್ದ ಇಪ್ಪತ್ತರ ಆಸುಪಾಸಿನ ಯುವಕರು, ಮತ್ತು ಎಂಟನೆಯ ಸುತ್ತಿನ ಹೊತ್ತಿಗೆ ಅವರಿಗೆ ಇನ್ನು ತುಳಿಯಲಾಗದಷ್ಟು ದಣಿವಾಗಬೇಕೆಂದೇ ಭಾರವನ್ನು ಗೊತ್ತುಮಾಡಲಾಗಿತ್ತು. ಈಗ ನಿಮ್ಮ ತರಗತಿಯ 45 ನಿಮಿಷಗಳನ್ನು ನೋಡಿ. ನಿಜವಾದ ಸರ್ವಶಕ್ತಿಯ ಕೆಲಸವನ್ನು ಮುಕ್ಕಾಲು ಗಂಟೆ ಯಾರಿಂದಲೂ ಮಾಡಲಾಗದು. ಆ ಅವಧಿಯಲ್ಲಿ ಹತ್ತು ನಿಮಿಷ ಮೈ ಬಿಸಿ ಮಾಡುವುದು, ಹದಿನೈದಿಪ್ಪತ್ತು ನಿಮಿಷ ರಭಸ ಮತ್ತು ಬಿಡುವು, ಕೊನೆಗೆ ನಿಧಾನವಾಗಿ ತಣಿಯುವುದು ಎಂಬ ವಿಂಗಡಣೆಯಿದ್ದರೆ ಅದು ತಿಳಿದವರು ನಡೆಸುವ ತರಗತಿ. ಆರಂಭದಿಂದ ಅಂತ್ಯದವರೆಗೂ ‘ನಿಲ್ಲಬೇಡಿ, ನಿಲ್ಲಬೇಡಿ’ ಎಂಬ ಕೂಗೇ ಇದ್ದರೆ ಅದು ಹಿಟ್ ಅಲ್ಲ, ಬರೀ ಆಯಾಸ.

ಲಾಭದ ಮಾತನ್ನು ಬೇಗ ಮುಗಿಸುತ್ತೇನೆ. ಹೃದಯ ಮತ್ತು ಶ್ವಾಸಕೋಶಗಳ ಸಾಮರ್ಥ್ಯ ಈ ಕ್ರಮದಿಂದ ಚೆನ್ನಾಗಿ ಹೆಚ್ಚುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಮಾರ್ಟಿನ್ ಗಿಬಾಲಾ ಅವರ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟು 10 ನಿಮಿಷದ ಅವಧಿಯೊಳಗೆ 20 ಸೆಕೆಂಡುಗಳ ಮೂರು ರಭಸಗಳನ್ನು ವಾರಕ್ಕೆ ಮೂರು ಬಾರಿ ಮಾಡಿದವರೂ, 45 ನಿಮಿಷ ಸಾಧಾರಣ ವೇಗದಲ್ಲಿ ಸೈಕಲ್ ತುಳಿದವರೂ 12 ವಾರಗಳಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟ ತಲುಪಿದರು. ಅಂದರೆ ಇಲ್ಲಿನ ಮುಖ್ಯ ಉಳಿತಾಯ ಸಮಯದ್ದು. ಕೊಬ್ಬು ಕರಗಿಸುವುದರಲ್ಲಿ ಚುರುಕು ನಡಿಗೆಗೂ ಇದಕ್ಕೂ ದೊಡ್ಡ ಅಂತರವೇನೂ ಕಂಡುಬಂದಿಲ್ಲ. ‘ತರಗತಿ ಮುಗಿದ ಮೇಲೂ ದಿನವಿಡೀ ಕ್ಯಾಲರಿ ಉರಿಯುತ್ತಿರುತ್ತದೆ’ ಎಂಬ ಜಾಹೀರಾತಿನ ಮಾತಿನಲ್ಲಿ ಸತ್ಯಾಂಶ ಇದೆ, ಆದರೆ ಅದು ಒಂದೆರಡು ಬಿಸ್ಕತ್ತಿಗೆ ಸರಿಹೋಗುವಷ್ಟು. ತೂಕವೇ ನಿಮ್ಮ ಗುರಿಯಾಗಿದ್ದರೆ ಮಧ್ಯಾಹ್ನದ ಅನ್ನದ ಪ್ರಮಾಣ ಈ ತರಗತಿಗಿಂತ ದೊಡ್ಡ ವಿಷಯ.

ಇನ್ನು ನಿಮ್ಮ ದೇಹದ ಮಾತು. ರಕ್ತದೊತ್ತಡ ಇದೆ ಎಂಬ ಕಾರಣಕ್ಕೇ ವ್ಯಾಯಾಮ ಬೇಡವೆನ್ನುವುದು ತಪ್ಪು. ನಿಯಮಿತ ವ್ಯಾಯಾಮ ಅದನ್ನು ಇಳಿಸುತ್ತದೆ. ಆದರೆ ವಿಶ್ರಾಂತಿಯಲ್ಲಿರುವಾಗಲೇ ಮೇಲಿನ ಅಂಕಿ 160 ದಾಟುತ್ತಿದ್ದರೆ, ಅದು ಹತೋಟಿಗೆ ಬರುವವರೆಗೆ ತೀವ್ರ ವ್ಯಾಯಾಮಕ್ಕೆ ಇಳಿಯಬಾರದೆಂದು ಯುರೋಪಿನ ಹೃದ್ರೋಗ ತಜ್ಞರ ಸಂಘದ 2020ರ ಮಾರ್ಗಸೂಚಿ ಹೇಳುತ್ತದೆ. ಜೊತೆಗೆ ನೀವು ಯಾವ ಮಾತ್ರೆ ನುಂಗುತ್ತಿದ್ದೀರಿ ಎಂಬುದೂ ಮುಖ್ಯ. ಪತ್ರದಲ್ಲಿ ಅದರ ಹೆಸರಿಲ್ಲ. ಅಟೆನೊಲಾಲ್, ಮೆಟೊಪ್ರೊಲಾಲ್ ಮುಂತಾದ ‘ಲಾಲ್’ ವರ್ಗದ್ದಾದರೆ ಅದು ನಾಡಿಯ ವೇಗವನ್ನೇ ಕಟ್ಟಿಹಾಕುತ್ತದೆ. 220ರಿಂದ ವಯಸ್ಸನ್ನು ಕಳೆದರೆ ನಿಮಗೆ 174, ಅದರ ಶೇ 85 ಎಂದರೆ 148, ಅಲ್ಲಿಗೆ ಮುಟ್ಟಿಸಿ ಎಂದು ಟ್ರೈನರ್ ಲೆಕ್ಕ ಹೇಳಬಹುದು. ಆ ಮಾತ್ರೆಯ ಮೇಲಿರುವವರು 120ರಲ್ಲೇ ಏದುಸಿರು ಬಿಡುತ್ತಿರಬಹುದು. ಕೈಗಡಿಯಾರದ ಅಂಕಿ ನೋಡಿ ‘ಇನ್ನೂ ಸಾಲದು’ ಎಂದು ತಳ್ಳಿದರೆ ಅಪಾಯ. ಇನ್ನೊಂದು ಬಗೆಯ ಮಾತ್ರೆ ಮೂತ್ರವನ್ನು ಹೆಚ್ಚಿಸಿ ನೀರು, ಉಪ್ಪು ಹೊರಹಾಕುವಂಥದ್ದು. ನಮ್ಮ ಏಪ್ರಿಲ್–ಮೇ ತಿಂಗಳ ಸೆಕೆಯಲ್ಲಿ, ಬೆಳಗಿನ ಆರಕ್ಕೇ ಬೆವರು ಇಳಿಯುವಾಗ, ಅದನ್ನು ನುಂಗುವವರಿಗೆ ತಲೆಸುತ್ತು ಬೇಗ ಬರುತ್ತದೆ. ಹೀಗಾಗಿ ವೈದ್ಯರ ಬಳಿ ‘ವ್ಯಾಯಾಮ ಮಾಡಬಹುದೇ’ ಎಂದಷ್ಟೇ ಕೇಳಬೇಡಿ, ಅವರು ‘ಧಾರಾಳವಾಗಿ’ ಎಂದು ಕಳುಹಿಸಿಬಿಡುತ್ತಾರೆ. ‘ಹಾರಿ ಕುಪ್ಪಳಿಸುವ, ಏದುಸಿರು ಬರಿಸುವ ವ್ಯಾಯಾಮಕ್ಕೆ ಸೇರಬೇಕೆಂದಿದ್ದೇನೆ, ಈ ಮಾತ್ರೆಯೊಂದಿಗೆ ಅದು ಆದೀತೇ, ಟ್ರೆಡ್‌ಮಿಲ್ ಪರೀಕ್ಷೆ ಬೇಕೇ’ ಎಂದು ಬಿಡಿಸಿ ಕೇಳಿ. ಹಾಗೆಯೇ ಸಕ್ಕರೆಯನ್ನೂ ಒಮ್ಮೆ ನೋಡಿಸಿ. 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯ ಪ್ರಕಾರ ಕೇರಳದ ವಯಸ್ಕರಲ್ಲಿ ಶೇ 25.5ರಷ್ಟು ಜನರಿಗೆ ಮಧುಮೇಹವಿದೆ, ನಿಮಗಂತೂ ಮನೆತನದ ಹಿನ್ನೆಲೆಯೂ ಸೇರಿದೆ.

ಮಂಡಿಯ ನೋವು ತರಗತಿಗೆ ಅಡ್ಡಿಯಲ್ಲ, ಬರ್ಪಿಗೆ ಅಡ್ಡಿ. ಬರ್ಪಿ ಎಂದರೆ ನಿಂತಲ್ಲಿಂದ ಕುಕ್ಕರಿಸಿ, ಕೈ ಊರಿ, ಕಾಲುಗಳನ್ನು ಹಿಂದಕ್ಕೆ ಎಸೆದು, ಮತ್ತೆ ಎಳೆದುಕೊಂಡು, ಎದ್ದು ಹಾರುವುದು. ಅದನ್ನು 40 ಸೆಕೆಂಡಿನಲ್ಲಿ ಹತ್ತು ಬಾರಿ ಮಾಡುವಾಗ ಆರನೆಯದಕ್ಕೇ ಸೊಂಟ ಕುಸಿಯುತ್ತದೆ, ಎಂಟನೆಯದಕ್ಕೆ ಮಂಡಿಗಳು ಒಳಕ್ಕೆ ವಾಲುತ್ತವೆ, ಹತ್ತನೆಯದಕ್ಕೆ ಹಿಮ್ಮಡಿ ನೆಲಕ್ಕೆ ದಡ್ ಎಂದು ಬಡಿಯುತ್ತದೆ. ಹಾರಿ ಇಳಿಯುವಾಗ ಕಾಲಿನ ಮೇಲೆ ಮೈತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಇದಕ್ಕೆ ಬದಲಾಗಿ ಕಾಲುಗಳನ್ನು ಒಂದೊಂದಾಗಿ ಹಿಂದಕ್ಕಿಟ್ಟು, ಹಾರದೆ ಎದ್ದು ನಿಂತರೂ ಉಸಿರು ಸಾಕಷ್ಟು ಏರುತ್ತದೆ. ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳುಗಳ ಮೇಲೆ ಮೈಯನ್ನು ನೇರವಾಗಿ ಎತ್ತಿ ಹಿಡಿಯುವುದು) ಮಾಡುವಾಗ ಉಸಿರು ಬಿಗಿಹಿಡಿಯಬಾರದು. ಹಿಡಿದರೆ ಆ ಕ್ಷಣಕ್ಕೆ ರಕ್ತದೊತ್ತಡ ಜಿಗಿಯುತ್ತದೆ. ನೀವು ಬರೆಯದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಹೆಂಗಸರು ಇದನ್ನು ಯಾರಲ್ಲೂ ಹೇಳದೆ ತರಗತಿಯನ್ನೇ ಬಿಟ್ಟುಬಿಡುತ್ತಾರೆ: ಹೆರಿಗೆಯಾದವರಿಗೆ ಹಾರುವಾಗ ಮೂತ್ರ ತೊಟ್ಟಿಕ್ಕುವುದು ಸಾಮಾನ್ಯ. ಶ್ರೋಣಿಯ ತಳದ (ಮೂತ್ರವನ್ನು ತಡೆಹಿಡಿಯುವ) ಸ್ನಾಯುಗಳ ವ್ಯಾಯಾಮದಿಂದ ಇದು ಬಹುಮಟ್ಟಿಗೆ ಸರಿಹೋಗುತ್ತದೆ, ಫಿಸಿಯೋಥೆರಪಿಯವರು ಕಲಿಸುತ್ತಾರೆ.

ನನ್ನ ಮುಖ್ಯ ಮಾತು ಇಲ್ಲಿದೆ. ತೀವ್ರತೆಯನ್ನು ಅಳೆಯಬೇಕಾದ್ದು ನಿಮ್ಮ ಉಸಿರಿನಿಂದ. ಗುಂಪಿನಲ್ಲಿ ಅದನ್ನು ಗೋಡೆಯ ಗಡಿಯಾರ ಮತ್ತು ಪಕ್ಕದವರ ವೇಗ ನಿರ್ಧರಿಸಿಬಿಡುತ್ತವೆ. ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹೃದಯಾಘಾತದ ನಂತರ ಹೃದಯ ದುರ್ಬಲಗೊಂಡಿದ್ದ, ಸರಾಸರಿ 75 ವರ್ಷದ ರೋಗಿಗಳು ಇದೇ ಕ್ರಮದ ವ್ಯಾಯಾಮ ಮಾಡಿದರು. ನಾಲ್ಕು ನಿಮಿಷ ರಭಸ, ಮೂರು ನಿಮಿಷ ನಿಧಾನ, ನಾಲ್ಕು ಸುತ್ತು. ರಭಸವೆಂದರೆ ಅವರಿಗೆ ಟ್ರೆಡ್‌ಮಿಲ್ಲಿನ ಏರಿನಲ್ಲಿ ನಡೆಯುವುದು, ಅಷ್ಟೇ. ಅವರು ಯಾರೂ ಬರ್ಪಿ ಹಾರಲಿಲ್ಲ. ಅಂತಹವರಿಗೂ ಇದರಿಂದ ಗುಣ ಕಂಡಿತೆಂದರೆ, ನಿಮ್ಮ ಸಹೋದ್ಯೋಗಿಗಳಲ್ಲಿ ಕಿರಿಯವರಾದವರು ಹಾರುವಷ್ಟು ನೀವು ಹಾರಬೇಕಾಗಿಲ್ಲವೆಂಬುದು ಸ್ಪಷ್ಟ.

ಅಪಾಯ ಎಷ್ಟು? ಅದೇ ನಾರ್ವೆಯ ಮೂರು ಹೃದ್ರೋಗ ಪುನಶ್ಚೇತನ ಕೇಂದ್ರಗಳ 4,846 ರೋಗಿಗಳ ಲೆಕ್ಕ 2012ರಲ್ಲಿ ಪ್ರಕಟವಾಯಿತು: ಸಾಧಾರಣ ವ್ಯಾಯಾಮದಲ್ಲಿ 1,29,456 ಗಂಟೆಗಳಿಗೊಮ್ಮೆ, ತೀವ್ರ ವ್ಯಾಯಾಮದಲ್ಲಿ 23,182 ಗಂಟೆಗಳಿಗೊಮ್ಮೆ ಹೃದಯ ಸ್ತಂಭನವಾಗಿತ್ತು. ಹೃದ್ರೋಗಿಗಳಲ್ಲೇ ಇಷ್ಟು ಅಪರೂಪವೆಂದರೆ ನೀವು ಹೆದರಬೇಕಾಗಿಲ್ಲ. ಆದರೆ ತೀವ್ರ ವ್ಯಾಯಾಮದ ವೇಳೆ ಹಾಗೆ ಕುಸಿದ ಇಬ್ಬರೂ ಬದುಕುಳಿದರು, ಅವರು ಇದ್ದದ್ದು ವೈದ್ಯಕೀಯ ನಿಗಾ ಇರುವ ಕೇಂದ್ರದಲ್ಲಿ. ಕುಂಬಳೆಯ ಸಭಾಂಗಣದಿಂದ ಮಂಗಳೂರಿನ ಹೃದ್ರೋಗ ಆಸ್ಪತ್ರೆಗಳಿಗೆ 40 ಕಿಲೋಮೀಟರಿನಷ್ಟು ದಾರಿ. 2020ರ ಲಾಕ್‌ಡೌನಿನಲ್ಲಿ ಕೇರಳ–ಕರ್ನಾಟಕದ ನಡುವಿನ ತಲಪಾಡಿಯ ಗಡಿ ಮುಚ್ಚಿ, ರೋಗಿಗಳು ಮಂಗಳೂರಿಗೆ ಹೋಗಲಾಗದಾದಾಗ ಆ ದಾರಿಯ ಬೆಲೆ ಏನೆಂದು ನಾವೆಲ್ಲ ಕಂಡಿದ್ದೇವೆ. ಆದುದರಿಂದ ಎದೆಗೆ ಒತ್ತಿದ ಹಾಗಾದರೆ, ಎಡಗೈಗೋ ದವಡೆಗೋ ನೋವು ಹರಿದರೆ, ಕಾರಣವಿಲ್ಲದ ವಾಕರಿಕೆ ಮತ್ತು ತಣ್ಣನೆಯ ಬೆವರು ಬಂದರೆ ‘ಗ್ಯಾಸ್ ಇರಬೇಕು’ ಎಂದು ಸುತ್ತು ಮುಗಿಸಲು ಹೋಗದೆ ಅಲ್ಲೇ ನಿಲ್ಲಿಸಬೇಕು. ಟ್ರೈನರಿಗೆ ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಮಾಡುವ ಪ್ರಥಮ ಚಿಕಿತ್ಸೆ) ಗೊತ್ತೇ ಎಂದು ಕೇಳಲು ಸಂಕೋಚಪಡಬೇಡಿ. ಹಾಗೆಯೇ, ಅಭ್ಯಾಸವಿಲ್ಲದವರು ಮೊದಲ ದಿನವೇ ಮಿತಿಮೀರಿ ದುಡಿದು ಒಂದೆರಡು ದಿನಗಳಲ್ಲಿ ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ, ಸ್ನಾಯುಗಳು ಒಡೆದು ಮೂತ್ರಪಿಂಡಕ್ಕೆ ತೊಂದರೆಯಾಗುತ್ತಿದೆ ಎಂದರ್ಥ. ಅದು ಎಣ್ಣೆ ತಿಕ್ಕಿ ಮಲಗುವ ಮೈಕೈ ನೋವಲ್ಲ, ಅಂದೇ ಆಸ್ಪತ್ರೆಗೆ ಹೋಗಬೇಕು.

ತರಗತಿಯನ್ನು ನೋಡಲು ಹೋದಾಗ ಮುಂದಿನ ಸಾಲಿನವರನ್ನು ನೋಡಬೇಡಿ. ಕೊನೆಯ ಸಾಲಿನಲ್ಲಿ, ಮೂರನೆಯ ಸುತ್ತಿಗೆ ಸೊಂಟಕ್ಕೆ ಕೈಯಿಟ್ಟು ನಿಂತವರ ಬಳಿಗೆ ಹೋಗಿ ಟ್ರೈನರ್ ಏನು ಹೇಳುತ್ತಾರೆ ಎಂಬುದನ್ನು ನೋಡಿ. ‘ಇದನ್ನು ಹೀಗೆ ಮಾಡಿ’ ಎಂದು ಹಗುರವಾದ ಬದಲಿಯನ್ನು ತೋರಿಸಿದರೆ ಒಳ್ಳೆಯದು. ಮೈಕಿನಲ್ಲಿ ಹೆಸರು ಕರೆದು ಚಪ್ಪಾಳೆ ತಟ್ಟಿಸಿದರೆ ಅಲ್ಲಿಂದಲೇ ಹಿಂತಿರುಗಿ. ಅವರು ಮಲಯಾಳದಲ್ಲಿ ಎಣಿಸಲಿ, ತುಳುವಿನಲ್ಲಿ ಗದರಲಿ, ನಮ್ಮ ಕಡೆಯವರಿಗೆ ಅದೇನೂ ತೊಡಕಲ್ಲ. ಆದರೆ ಸೇರುವ ಮುನ್ನ ನಿಮ್ಮ ಮಾತ್ರೆ, ಮಂಡಿಗಳ ಬಗ್ಗೆ ಅವರು ಒಂದು ಪ್ರಶ್ನೆಯನ್ನೂ ಕೇಳದಿದ್ದರೆ ಅದು ತೊಡಕು. ನೆಲವನ್ನೂ ಗಮನಿಸಿ. ಮಳೆಗಾಲದಲ್ಲಿ ಟೈಲ್ಸಿನ ಮೇಲೆ ಒದ್ದೆ ಕಾಲಿನಲ್ಲಿ ಹಾರಿಸುವವರಿದ್ದಾರೆ.

ಅಲ್ಲಿಯವರೆಗಿನ ಸಿದ್ಧತೆಗೆ ನಿಮ್ಮ ಊರಿನ ಭೂಮಿಯೇ ಅನುಕೂಲವಾಗಿದೆ. ತೋಟ ಕೆಳಗೆ, ಮನೆ ನಡುವೆ, ರಸ್ತೆ ಗುಡ್ಡದ ಮೇಲೆ ಇರುವ ಊರುಗಳು ನಮ್ಮವು. ಮೊದಲ ಮೂರು ವಾರ ಸಮತಟ್ಟಾದ ಕಡೆ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ವಾರಕ್ಕೆ ಐದು ದಿನ ಹೀಗೆ ನಡೆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಕನಿಷ್ಠ 150 ನಿಮಿಷ ತುಂಬುತ್ತದೆ. ನಾಲ್ಕನೆಯ ವಾರದಿಂದ ಎರಡು ದಿನ ಏರುದಾರಿ ಹಿಡಿದು, ನಾಲ್ಕೈದು ಪದಗಳಿಗಿಂತ ಹೆಚ್ಚು ಒಟ್ಟಿಗೆ ಆಡಲಾಗದಷ್ಟು ಏದುಸಿರು ಬರುವಂತೆ ಒಂದು ನಿಮಿಷ ಹತ್ತಿ, ಎರಡು ನಿಮಿಷ ನಿಧಾನವಾಗಿ ಅಡ್ಡಾಡಿ, ಮತ್ತೆ ಹತ್ತಿ. ಇಳಿಯುವಾಗ ಮಾತ್ರ ಮಂಡಿಗಾಗಿ ಅವಸರ ಬೇಡ. ಜೊತೆಗೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ಅಭ್ಯಾಸವನ್ನು ದಿನ ಬಿಟ್ಟು ದಿನ ಮಾಡಿದರೆ ತೊಡೆಯ ಸ್ನಾಯು ಬಲಗೊಂಡು ಮಂಡಿಯ ಮೇಲಿನ ಹೊರೆ ಇಳಿಯುತ್ತದೆ. ನಿಮ್ಮ ಮನೆಯವರ ಮಾತಿಗೂ ಉತ್ತರ ಇದರಲ್ಲೇ ಇದೆ: ಅಂಗಳ ಗುಡಿಸುವುದು ಉಸಿರನ್ನು ಏರಿಸುವುದಿಲ್ಲ, ತೋಟದಿಂದ ಅಡಕೆಯ ಬುಟ್ಟಿ ಹೊತ್ತು ಗುಡ್ಡ ಹತ್ತುವುದು ಏರಿಸುತ್ತದೆ, ಆ ಕೆಲಸಕ್ಕೆ ಈಗ ನಿಮ್ಮ ಮನೆಯಲ್ಲೂ ಆಳುಗಳೇ ಇರಬೇಕು.

ಗುಡ್ಡವೇ ಸಾಕಾದರೆ ತರಗತಿ ಏಕೆ ಎಂದು ಕೇಳಬಹುದು. ಜೂನ್ ತಿಂಗಳ ಜಡಿಮಳೆಯಲ್ಲಿ ಒಬ್ಬರೇ ಗುಡ್ಡ ಹತ್ತುವವರು ಕಡಿಮೆ. ಮೂವರು ಗೆಳತಿಯರು ಕಾಯುತ್ತಿದ್ದಾರೆಂದರೆ ಕೊಡೆ ಹಿಡಿದಾದರೂ ಹೊರಡುತ್ತೇವೆ. ನನ್ನ ಮಟ್ಟಿಗೆ ಗುಂಪಿನ ನಿಜವಾದ ಲಾಭ ಇದೊಂದೇ, ಮತ್ತು ಅದು ಸಣ್ಣದಲ್ಲ. ಮಲಪ್ಪುರಂ ಕಡೆಯಿಂದ ಮಲಬಾರಿನುದ್ದಕ್ಕೂ ಹಬ್ಬಿದ ‘ಮೆಕ್ 7’ ಎಂಬ 21 ನಿಮಿಷಗಳ ಸಾಮೂಹಿಕ ವ್ಯಾಯಾಮ ಅಷ್ಟು ಜನರನ್ನು ಸೆಳೆದದ್ದೂ ಇದೇ ಕಾರಣಕ್ಕಿರಬೇಕು. ಹಿಟ್ ಹೆಚ್ಚಾಯಿತೆನಿಸಿದರೆ ಅಂಥದ್ದೊಂದು ನಡುದಾರಿಯೂ ಉಂಟು.

ಶುಲ್ಕದ ವಿಷಯದಲ್ಲಿ, ವಾರಕ್ಕೆ ಎರಡು ದಿನದ ದರವಿದೆಯೇ, ಒಂದೊಂದೇ ತಿಂಗಳು ಕಟ್ಟಬಹುದೇ, ಅನಾರೋಗ್ಯದಿಂದ ಬಿಟ್ಟರೆ ಉಳಿದ ಹಣ ವಾಪಸು ಬರುತ್ತದೆಯೇ ಎಂದು ಮೊದಲೇ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ. ಮೂರು ತಿಂಗಳ ಹಣವನ್ನು ಒಟ್ಟಿಗೆ ಕಟ್ಟಿದವರು ಮಂಡಿ ನೋಯುತ್ತಿದ್ದರೂ ಹಣ ಹಾಳಾಗುತ್ತದೆಂದು ಹೋಗುತ್ತಾರೆ. ಈ ತಿಂಗಳ ರಿಯಾಯಿತಿ ತಪ್ಪಿದರೆ ತಪ್ಪಲಿ. ಓಣಂಗೆ ಒಂದು, ಹೊಸ ವರ್ಷಕ್ಕೆ ಒಂದು ಎಂದು ಅವರೇ ಮತ್ತೆ ಫಲಕ ಹಾಕುತ್ತಾರೆ.

— ಸಂ.